ಸೋರುವ ಎಣ್ಣೆತೊಟ್ಟಿಯನ್ನು ಮನೆಯಲ್ಲಿಯೇ ಬದಲಾಯಿಸುವ ಕ್ರಮ

ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಹೊಲಕ್ಕೆ ಹೊರಡುವ ಒಕ್ಕಲಿಗನನ್ನು ನಮ್ಮ ಹಿರಿಯರು ಕಂಡಿರಲಾರರು. ಈಗ ಬಂಡಿಯ ಸ್ಥಾನದಲ್ಲಿ ಕಾರು, ಜೀಪುಗಳು ನಿಂತಿವೆ. ಬೀಜ ಗೊಬ್ಬರಗಳನ್ನು ತರುವುದೂ, ಫಸಲಿನ ಮಾದರಿಯನ್ನು ಪೇಟೆಗೆ ಒಯ್ಯುವುದೂ, ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವುದೂ ಇವುಗಳಿಂದಲೇ. ಆದರೂ ಇವುಗಳ ಎಣ್ಣೆಯ ವಿಷಯದಲ್ಲಿ ಹಿಂದಿನ ಎಚ್ಚರವು ಕಾಣಬರುವುದಿಲ್ಲ. ಆದಕಾರಣ ಈ ಲೇಖನದ ಅಗತ್ಯವುಂಟಾಯಿತು.

ಇಂಜಿನಿನ ತಳದಲ್ಲಿ ಎಣ್ಣೆಯು ನಿಲ್ಲುವ ತಟ್ಟೆಯಂಥ ಪಾತ್ರೆಗೆ ಆಯಿಲ್ ಪ್ಯಾನ್ ಎಂದು ಹೆಸರು. ಗ್ಯಾರೇಜುಗಳಲ್ಲಿ ಚೇಂಬರ್ ಎನ್ನುವರು. ಪಂಪು ಇದರೊಳಗಿಂದ ಎಣ್ಣೆಯನ್ನು ಹೀರಿ ಬೇರಿಂಗುಗಳಿಗೆ ಒದಗಿಸುವುದು. ವಾಹನದ ಅತಿ ತಗ್ಗಿನ ಭಾಗಗಳಲ್ಲಿ ಇದೂ ಒಂದಾದ್ದರಿಂದ ಕಲ್ಲಿನ ಪೆಟ್ಟು ಮೊದಲು ಇದಕ್ಕೇ ತಗಲುವುದು. ಜಗಳೂರಿನ ಕಲ್ಲುಗರಸಿನ ಹೊಲದಾರಿಗಳಲ್ಲಿಯೂ, ಚನ್ನಗಿರಿಯ ಅಡಿಕೆ ತೋಟಗಳ ಇಕ್ಕಟ್ಟಾದ ಓಣಿಗಳಲ್ಲಿಯೂ, ಹೊನ್ನಾಳಿ ಹಾಗೂ ಅದರಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ನ್ಯಾಮತಿಯ ಗದ್ದೆಯ ಏರಿಗಳ ಮೇಲೆಯೂ ಇಂಥ ಪೆಟ್ಟು ಅಪರೂಪವಲ್ಲ.

ಅಲಕ್ಷ್ಯದ ಫಲ.— ಮೆಕ್ಕೆಜೋಳ ಮುರಿಯುವ ಕಾಲದಲ್ಲಿ ಜಗಳೂರು ಸೀಮೆಯ ಹಿಡುವಳಿದಾರರೊಬ್ಬರ ಜೀಪಿನ ಕೆಳಗೆ ದಿನವೂ ಅಂಗೈಯಗಲ ಎಣ್ಣೆ ಬೀಳುತ್ತಿದ್ದುದನ್ನು ನಾನೇ ಕಂಡು ಹೇಳಿದ್ದೆನು. “ಸುಗ್ಗಿ ಮುಗಿಯಲಿ ಸ್ವಾಮಿ, ನೋಡಿಕೊಳ್ಳೋಣ” ಎಂದರು. ಒಂದು ಸಂಜೆ ಎಣ್ಣೆಯ ಕೆಂಪು ದೀಪ ಹತ್ತಿದರೂ, ಊರು ಇನ್ನೇನು ಬಂತೆಂದು ಓಡಿಸಿದರು. ಬೇರಿಂಗುಗಳು ಕಾದು ಹಿಡಿದುಕೊಂಡು ಇಂಜಿನು ನಿಂತಿತು. ಒಂದು ತಟ್ಟೆಯ ಬೆಲೆಯಲ್ಲಿ ತೀರುವ ಕೆಲಸಕ್ಕೆ ಇಡೀ ಇಂಜಿನನ್ನೇ ಬಿಚ್ಚಬೇಕಾಯಿತು. ಸುಗ್ಗಿಯ ದಿನಗಳೂ ಹೋದವು. ಕೆಂಪು ದೀಪ ಹತ್ತಿದೊಡನೆ ಇಂಜಿನನ್ನು ಆರಿಸತಕ್ಕದ್ದು. ಒಂದು ಫರ್ಲಾಂಗೂ ಮುಂದೆ ಹೋಗಕೂಡದು.

ಸೋರಿಕೆಯ ಮೂಲವನ್ನು ಗುರುತಿಸುವುದು.— ತಳದಲ್ಲಿ ಎಣ್ಣೆ ಕಂಡ ಮಾತ್ರಕ್ಕೆ ತೊಟ್ಟಿಯೇ ಕೆಟ್ಟಿದೆಯೆಂದು ತಿಳಿಯಬಾರದು. ಮೇಲಿನ ಮುಚ್ಚಳದಿಂದಲೋ, ಫಿಲ್ಟರಿನಿಂದಲೋ ಇಳಿದ ಎಣ್ಣೆಯೂ ಕೆಳಕ್ಕೇ ಬರುವುದು. ತಣ್ಣಗಿರುವ ಇಂಜಿನಿನ ತಳವನ್ನು ಚೆನ್ನಾಗಿ ಒರೆಸಿ, ಸ್ವಲ್ಪ ದೂರ ಓಡಿಸಿ, ಬಳಿಕ ಮೇಲಿನಿಂದ ಕೆಳಗಿನವರೆಗೆ ಪರೀಕ್ಷಿಸಬೇಕು. ಒದ್ದೆಯಾದ ಅತ್ಯಂತ ಎತ್ತರದ ಸ್ಥಳವೇ ಸೋರಿಕೆಯ ಮೂಲ. ಡ್ರೈನ್ ಬೋಲ್ಟಿನಲ್ಲಿ ಮಾತ್ರ ಜಿನುಗಿದರೆ ಹೊಸ ವಾಷರಿನಿಂದಲೇ ಗುಣವಾಗಬಹುದು. ತೊಟ್ಟಿಯು ಬಿರಿದಿದ್ದರೆ, ತುಕ್ಕು ತಿಂದಿದ್ದರೆ ಬದಲಾಯಿಸುವುದೇ ಲೇಸು. ತಳವು ಒಳಕ್ಕೆ ತಗ್ಗಿದ್ದರೆ ಸೋರದಿದ್ದರೂ ಅಪಾಯವುಂಟು. ಪಂಪಿನ ಹೀರುಬಾಯಿಗೆ ತಗಲಿ ಎಣ್ಣೆಯನ್ನು ತಡೆಯಬಹುದು.

ಯಾವುದನ್ನು ಮನೆಯಲ್ಲಿ ಮಾಡಕೂಡದು.— ಅನೇಕ ಟ್ರ್ಯಾಕ್ಟರುಗಳಲ್ಲಿ ಎರಕದ ತೊಟ್ಟಿಯು ವಾಹನದ ಭಾರವನ್ನೂ ಹೊತ್ತಿರುವುದು. ಅದನ್ನು ಕಾರ್ಯಾಗಾರಕ್ಕೇ ಬಿಡಬೇಕು. ತೊಟ್ಟಿ ತೆಗೆಯಲು ಇಂಜಿನನ್ನೇ ಎತ್ತಬೇಕಾದ ಕಾರುಗಳಿಗೂ ಇದೇ ನಿಯಮ. ಆದುದರಿಂದ ಮೊದಲು ಆ ವಾಹನದ ಕೈಪಿಡಿಯನ್ನು ನೋಡತಕ್ಕದ್ದು.

ಸಿದ್ಧತೆ.— ಜಾಕಿಯು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಜಾಕಿ ಜಾರಿದರೆ ಕೆಳಗಿರುವವನು ಉಳಿಯುವುದು ಕಷ್ಟ. ಗಟ್ಟಿಯಾದ ಸಮನೆಲದಲ್ಲಿ ವಾಹನವನ್ನು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡು ಕಡೆಯೂ ಅಡ್ಡಗಟ್ಟೆ ಕೊಟ್ಟು, ಮುಂಭಾಗವನ್ನು ಎತ್ತಿ ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಎರೆನೆಲದಲ್ಲಿ ಸ್ಟ್ಯಾಂಡು ಹೂತುಕೊಳ್ಳುವುದು. ಇಟ್ಟಿಗೆ, ಕಲ್ಲುಗಳನ್ನು ಒಟ್ಟಿ ಅದರ ಕೆಳಗೆ ನುಸುಳುವುದು ಕೇವಲ ಅವಿವೇಕ. ಬಳಿಯಲ್ಲಿ ಇನ್ನೊಬ್ಬರು ಇರತಕ್ಕದ್ದು.

ಕೆಲಸದ ಕ್ರಮ.— ಬ್ಯಾಟರಿಯ ಋಣತಂತಿಯನ್ನು ಬಿಚ್ಚಿರಿ. ಎಣ್ಣೆಯು ಕೈಸುಡದಷ್ಟು ಬೆಚ್ಚಗಿರುವಾಗ ಡ್ರೈನ್ ಬೋಲ್ಟನ್ನು ತೆಗೆದು ಅಗಲವಾದ ಪಾತ್ರೆಗೆ ಪೂರ್ತಿ ಇಳಿಸಿರಿ. ಅನಂತರ ಸುತ್ತಲಿನ ಬೋಲ್ಟುಗಳನ್ನು ಸಡಿಲಿಸಿ, ಎರಡು ಮೂಲೆಗಳಲ್ಲಿ ಒಂದೊಂದನ್ನು ಉಳಿಸಿಕೊಂಡು, ತೊಟ್ಟಿಯನ್ನು ಮೆಲ್ಲಗೆ ಬಿಡಿಸಿರಿ. ಅಂಟಿಕೊಂಡಿದ್ದರೆ ಮರದ ಕೊಡತಿಯಿಂದ ಬದಿಗೆ ತಟ್ಟಬೇಕೇ ಹೊರತು ಉಳಿಯಿಂದ ಮೀಟಕೂಡದು. ಕೂಡುವ ಮೈಯಲ್ಲಿ ಗೀರು ಬಿದ್ದರೆ ಹೊಸ ತೊಟ್ಟಿಯೂ ಸೋರುವುದು.

ಇಂಜಿನಿನ ಕೆಳಮೈಗೆ ಹತ್ತಿದ ಹಳೆಯ ಪ್ಯಾಕಿಂಗನ್ನು ಕೆರೆದು, ಎಣ್ಣೆಯ ಪಸೆಯಿಲ್ಲದಂತೆ ಒರೆಸಿರಿ. ಹೀರುಬಾಯಿಯ ಜಾಲರಿಯಲ್ಲಿ ಕಸವಿದ್ದರೆ ತೆಗೆಯಿರಿ. ಕೈಪಿಡಿಯಲ್ಲಿ ಹೇಳಿದಂತೆ ಹೊಸ ಪ್ಯಾಕಿಂಗನ್ನೋ ಸಿಲಿಕೋನ್ ಅಂಟನ್ನೋ ಬಳಸಿ ಹೊಸ ತೊಟ್ಟಿಯನ್ನು ಹೊಂದಿಸಿರಿ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ತಿರುಗಿಸಿ, ಬಳಿಕ ನಡುವಿನಿಂದ ಅಂಚಿಗೆ ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 6 ಮಿಲಿಮೀಟರಿನ ಬೋಲ್ಟುಗಳಿಗೆ ಸಾಮಾನ್ಯವಾಗಿ 10 ನ್ಯೂಟನ್-ಮೀಟರಿನ ಆಸುಪಾಸಿನ ಬಿಗಿ ಸಾಕು. ಕೈಪಿಡಿಯ ಅಂಕಿಯೇ ಪ್ರಮಾಣ. ಮೊದಲ ಸಲ ನಾನು ಬಲವಿದ್ದಷ್ಟೂ ಬಿಗಿದು, ಪ್ಯಾಕಿಂಗು ಹಿಸುಕಿ ಹೊರಬಂದು, ಮೊದಲಿಗಿಂತ ಹೆಚ್ಚು ಸೋರಿಸಿಕೊಂಡೆನು. ಬಲಕ್ಕಿಂತ ಸಮನಾದ ಬಿಗಿಯೇ ಇಲ್ಲಿ ಮುಖ್ಯ.

ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿರಿ. ಅಂಟನ್ನು ಬಳಸಿದ್ದರೆ ಅದರ ಮೇಲೆ ನಮೂದಿಸಿದಷ್ಟು ಹೊತ್ತು ಒಣಗಲು ಬಿಟ್ಟು, ಅನಂತರ ತಕ್ಕ ದರ್ಜೆಯ ಎಣ್ಣೆ ತುಂಬಿರಿ. ಸಣ್ಣ ಕಾರುಗಳಿಗೆ ಸುಮಾರು 3ರಿಂದ 4 ಲೀಟರು ಹಿಡಿಯುವುದು. ಬ್ಯಾಟರಿಯ ತಂತಿಯನ್ನು ಮತ್ತೆ ಜೋಡಿಸಿ ಇಂಜಿನನ್ನು ಚಾಲೂ ಮಾಡಿ, ಕೆಂಪು ದೀಪ ಆರಿತೇ ಎಂದು ನೋಡಿರಿ. ಸ್ವಲ್ಪ ಹೊತ್ತಿನ ಮೇಲೆ ಇಂಜಿನನ್ನು ನಿಲ್ಲಿಸಿ ತಳವನ್ನು ಪರೀಕ್ಷಿಸಿರಿ. ವಾಹನವನ್ನು ಸಮನೆಲಕ್ಕೆ ಇಳಿಸಿದ ಬಳಿಕ ಅಳತೆಯ ಕಡ್ಡಿಯಿಂದ ಮಟ್ಟ ನೋಡಿ, ಕಡಿಮೆಯಿದ್ದರೆ ತುಂಬಿರಿ. ಮಾರನೆಯ ದಿನವೂ ಒಮ್ಮೆ ನೋಡುವುದು ಉತ್ತಮ.

ಹಳೆಯ ಎಣ್ಣೆ.— ಸುಟ್ಟ ಎಣ್ಣೆಯನ್ನು ಬದುವಿಗೆ ಚೆಲ್ಲುವುದು, ಗೆದ್ದಲಿಗೆಂದು ಬೇಲಿಗೂಟಗಳಿಗೆ ಬಳಿಯುವುದು ನಮ್ಮಲ್ಲಿ ರೂಢಿಯಾಗಿದೆ. ಅದರಲ್ಲಿ ಲೋಹದ ಅಂಶಗಳೂ ಏಡಿಗಂತಿ ರೋಗಕ್ಕೆ ಕಾರಣವಾಗುವ ಪದಾರ್ಥಗಳೂ ಇರುವುವು. ಬಾವಿ, ಕಾಲುವೆ, ಅಡಿಕೆಯ ಬುಡಗಳ ಬಳಿಗೆ ಅದನ್ನು ಸುತರಾಂ ಒಯ್ಯಬಾರದು. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಅಂಥ ಎಣ್ಣೆಯನ್ನು ಕೊಳ್ಳಲು ಅಧಿಕಾರವುಳ್ಳವರಿಗೇ ತಲುಪುವಂತೆ ಗ್ಯಾರೇಜಿನ ಮೂಲಕ ಏರ್ಪಡಿಸಿರಿ.

ಗ್ರಾಮದ ಮುಖಂಡರು ತಮ್ಮ ವಾಹನದಲ್ಲಿ ಈ ಕ್ರಮವನ್ನು ಪಾಲಿಸಿ ತೋರಿಸಿದರೆ ಊರಿನ ಯುವಕರೂ ಕಲಿಯುವರು. ಎರಡು ಸ್ಟ್ಯಾಂಡುಗಳನ್ನೂ ಒಂದು ಟಾರ್ಕ್ ರೆಂಚನ್ನೂ ಊರವರೆಲ್ಲ ಕೂಡಿ ಕೊಂಡಿಟ್ಟುಕೊಂಡರೆ ಹತ್ತು ಮನೆಗಳಿಗೆ ಉಪಯೋಗವಾಗುವುದು. ವಾಹನ ನಿಲ್ಲಿಸಿದೆಡೆಯ ನೆಲವನ್ನು ಪ್ರತಿದಿನ ಬೆಳಿಗ್ಗೆ ಒಮ್ಮೆ ನೋಡುವ ಅಭ್ಯಾಸಕ್ಕಂತೂ ಕಾಸಿನ ಖರ್ಚೂ ಇಲ್ಲ.