ಬಿಯರ್ ಕೆಡಿಸೋದು ಬಕೆಟ್ ಅಲ್ಲ, ಗಾಳಿ

ಅಮೆರಿಕದಲ್ಲಿ ಪಾನನಿಷೇಧ ಕೊನೆಯಾಗಿದ್ದು 1933ರಲ್ಲಿ. ಆದರೆ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಒಕ್ಕೂಟ ಸರ್ಕಾರದ ಅನುಮತಿ ಸಿಕ್ಕಿದ್ದು 1978ರಲ್ಲಿ, ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ. ಈಗ ಇಬ್ಬರು ವಯಸ್ಕರಿರುವ ಮನೆ ವರ್ಷಕ್ಕೆ 200 ಗ್ಯಾಲನ್ ತೆರಿಗೆಯಿಲ್ಲದೆ ತಯಾರಿಸಬಹುದು, ಮಾರುವಂತಿಲ್ಲ. ಇಲ್ಲಿ ನೆಲೆಸಿರುವ ನಾನು ಒಂದು ಸಲಕ್ಕೆ 19 ಲೀಟರ್ ಹುದುಗಿಸುತ್ತೇನೆ. ಊರಿನ ಗೆಳೆಯರಿಗೆ ಮೊದಲೇ ಹೇಳಿಬಿಡ್ತೀನಿ: ಕರ್ನಾಟಕದ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಂಡವಾಳ ಇದ್ದವರು ಮೈಕ್ರೋಬ್ರೂವರಿ ತೆರೆಯಬಹುದು, ಅಡುಗೆಮನೆಗೆ ಆ ಭಾಗ್ಯ ಇಲ್ಲ. ಇದು ಚರ್ಚೆಯಾಗಬೇಕು ಅನ್ನೋದು ನನ್ನ ಅಭಿಪ್ರಾಯ.

ಹೊಸಬರ ಮೊದಲ ಪ್ರಶ್ನೆ: ಯಾವ ಪಾತ್ರೆ? ಅಂಗಡಿಯವರು ಹೊಳೆಯುವ ಸ್ಟೀಲ್ ತೋರಿಸ್ತಾರೆ. ಒಳ್ಳೆಯದೇ, ಆದರೆ ದುಬಾರಿ. ಗಾಜಿನ ಜಾಡಿಯೊಳಗೆ ಗಾಳಿ ನುಸುಳಲ್ಲ ನಿಜ. ಆದರೆ ತುಂಬಿದಾಗ ಸುಮಾರು 25 ಕಿಲೋ ತೂಗುತ್ತೆ, ಒದ್ದೆ ಕೈಯಿಂದ ಜಾರಿದರೆ ಆಸ್ಪತ್ರೆಯೇ ಗತಿ. ಪ್ಲಾಸ್ಟಿಕ್ ಬಕೆಟ್ ಅಗ್ಗ. ಅದರ ಗೋಡೆ, ಮುಚ್ಚಳದಿಂದ ಆಮ್ಲಜನಕ ನಿಧಾನವಾಗಿ ಒಳಬರುತ್ತೆ, ಆದರೆ ಎರಡು ಮೂರು ವಾರದ ಕೆಲಸಕ್ಕೆ ಸಾಕು. ಒಳಗೆ ಗೀರು ಬಿದ್ದರೆ ಬಿಸಾಕಿ, ಗೀರಿನಲ್ಲಿ ಬ್ಯಾಕ್ಟೀರಿಯಾ ಅಡಗುತ್ತೆ.

ಕೊಯ್ದಿಟ್ಟ ಬದನೆಕಾಯಿ ಕಪ್ಪಾಗುತ್ತಲ್ಲ, ಬಿಯರ್‌ಗೂ ಅದೇ ಕಾಟ. ಆಮ್ಲಜನಕ ತಾಗಿದ ಬಿಯರ್ ಒದ್ದೆ ರಟ್ಟಿನ ವಾಸನೆ ಹೊಡೆಯುತ್ತೆ. ಹಾಪ್ಸ್ ಹೆಚ್ಚಿರುವ ಐಪಿಎ ಆದರೆ ಬಣ್ಣವೇ ಕಂದು, ಹಣ್ಣಿನ ಘಮ ಮಾಯ. ಆದರೆ ಶುರುವಿನಲ್ಲಿ ಆಮ್ಲಜನಕ ಬೇಕೇ ಬೇಕು: ಕುದಿಸಿ ತಣಿಸಿದ ಮಾಲ್ಟ್ ರಸಕ್ಕೆ ಯೀಸ್ಟ್ ಹಾಕುವಾಗ ಚೆನ್ನಾಗಿ ಕುಲುಕಬೇಕು, ಯೀಸ್ಟ್ ಬೆಳೆಯೋದು ಅದರಿಂದಲೇ. ಹುದುಗು ಎದ್ದ ಮೇಲೆ ಅದೇ ಗಾಳಿ ವಿಷ.

ಹುದುಗುವಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ತಾನೇ ಗಾಳಿಯನ್ನು ಹೊರದಬ್ಬುತ್ತೆ. ಹಾಗಾಗಿ ದಿನಕ್ಕೊಂದು ಸಲ ಮುಚ್ಚಳ ತೆಗೆದು ಇಣುಕಬೇಡಿ. ಎರಡನೇ ಪಾತ್ರೆಗೆ ವರ್ಗಾಯಿಸೋ ಹಳೆಯ ಪದ್ಧತಿಯನ್ನೂ ಸಾಮಾನ್ಯ ಬಿಯರ್‌ಗೆ ಬಿಟ್ಟುಬಿಡಿ. ಅನೇಕರು ಗಮನಿಸದ ಜಾಗ ಇನ್ನೊಂದಿದೆ: ಕೊನೆಗೆ ಬಿಯರನ್ನು ಫ್ರಿಜ್‌ನಲ್ಲಿಟ್ಟಾಗ ಒಳಗಿನ ಅನಿಲ ಕುಗ್ಗಿ, ಪಾತ್ರೆ ಏರ್‌ಲಾಕ್ ಮೂಲಕ ಹೊರಗಿನ ಗಾಳಿ ಎಳೆದುಕೊಳ್ಳುತ್ತೆ. ಹುದುಗುವಾಗಲೇ ಒಂದು ಬಲೂನ್ ಸಿಕ್ಕಿಸಿ ಅನಿಲ ಹಿಡಿದಿಟ್ಟರೆ, ತಣಿಸುವಾಗ ಗಾಳಿಯ ಬದಲು ಅದೇ ವಾಪಸ್ ಹೋಗುತ್ತೆ.

ಬಾಟಲಿಗೆ ತುಂಬುವಾಗ ಮೇಲಿಂದ ಸುರಿಯಬೇಡಿ. ಕೊಳವೆಯನ್ನು ತಳಕ್ಕೆ ಮುಟ್ಟಿಸಿ, ಬುರುಗೇಳದಂತೆ ತುಂಬಿ, ಕತ್ತಿನಲ್ಲಿ ಎರಡು ಬೆರಳಷ್ಟು ಜಾಗ ಬಿಟ್ಟು ತಕ್ಷಣ ಮುಚ್ಚಿ. ಗ್ಯಾಸ್‌ಗಾಗಿ ಹಾಕೋ ಸಕ್ಕರೆಯನ್ನು ತೂಕ ಮಾಡಿಯೇ ಹಾಕಿ, ಹೆಚ್ಚಾದರೆ ಬಾಟಲಿ ಸಿಡಿಯುತ್ತೆ. ಆ ಸಕ್ಕರೆ ತಿನ್ನುವ ಯೀಸ್ಟ್ ಒಳಗುಳಿದ ಆಮ್ಲಜನಕದಲ್ಲೂ ಒಂದಷ್ಟನ್ನು ನುಂಗಿಹಾಕುತ್ತೆ.