ಬೀದಿಗೆ ಅಂಜುವ ನಾಯಿಮರಿ

ನಾಲ್ಕು ತಿಂಗಳ ನಾಯಿಮರಿಯು ಹೊಸಿಲು ದಾಟಿದೊಡನೆ ಬಾಲ ಮುದುಡಿ ನೆಲಕ್ಕೆ ಅಂಟಿ ಕುಳಿತುಬಿಡುತ್ತದೆ. ಒಡೆಯನು ಸರಪಳಿ ಹಿಡಿದು ಎಳೆಯುತ್ತಾನೆ. ಇದನ್ನು ಮೊಂಡುತನವೆಂದು ಬಗೆಯುವುದು ತಪ್ಪು.

ಮರಿಯು ಲೋಕಕ್ಕೆ ಹೊಂದಿಕೊಳ್ಳಲು ತಕ್ಕ ಕಾಲವೆಂದರೆ ಹುಟ್ಟಿದ 3ನೆಯ ವಾರದಿಂದ ಸುಮಾರು 12ನೆಯ ವಾರದವರೆಗೆ. ಅಮೆರಿಕದ ಬಾರ್ ಹಾರ್ಬರಿನಲ್ಲಿ ನಡೆದು 1961ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 14 ವಾರಗಳವರೆಗೆ ಮನುಷ್ಯರ ಒಡನಾಟವಿಲ್ಲದೆ ಬೆಳೆದ ಮರಿಗಳು ಮನುಷ್ಯರನ್ನು ಕಂಡರೆ ಕಾಡುಪ್ರಾಣಿಗಳಂತೆ ಬೆದರುತ್ತಿದ್ದವು. ಬೀದಿಯ ಲಾರಿ, ಗದ್ದಲಗಳನ್ನು ಎಳೆತನದಲ್ಲಿ ಅರಿಯದ ಮರಿಯ ಪಾಡೂ ಹೆಚ್ಚುಕಡಮೆ ಇದೇ.

ಆ ಕಾಲ ಮೀರಿದ ಮೇಲೆಯೂ ಉಪಾಯವುಂಟು. ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ 1924ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೊಲಕ್ಕೆ ಹೆದರುತ್ತಿದ್ದ ಬಾಲಕನೊಬ್ಬನು ಮೆಚ್ಚಿನ ತಿನಿಸು ತಿನ್ನುತ್ತಿರುವಾಗ ಮೊಲವನ್ನು ಮೆಲ್ಲಮೆಲ್ಲನೆ ಹತ್ತಿರ ತಂದು ಭಯ ಬಿಡಿಸಿದ ಬಗೆಯನ್ನು ವಿವರಿಸಿದರು. ನಾಯಿಗೂ ಇದೇ ಕ್ರಮ. ಮರಿಯು ನೆಮ್ಮದಿಯಿಂದ ತಿನ್ನಬಲ್ಲಷ್ಟು ದೂರದಲ್ಲಿ ಬೀದಿಯನ್ನು ತೋರಿಸುತ್ತ ತಿನಿಸು ಕೊಡಬೇಕು. ಭಯ ಹೆಚ್ಚಿದರೆ ಹಸಿವು ಅಡಗುತ್ತದೆ. ಆದುದರಿಂದ ಮರಿಯು ತಿನಿಸಿನಿಂದ ಮುಖ ತಿರುಗಿಸಿದರೆ ನಾವು ತೀರ ಹತ್ತಿರ ಬಂದಿರುವೆವೆಂದು ತಿಳಿದು ಹಿಂದೆ ಸರಿಯಬೇಕು. (ಮೈದಡವಿದರೆ ಹೆದರಿಕೆ ಬೆಳೆಯುವುದೆಂಬ ಮಾತಿಗೆ ಆಧಾರವಿಲ್ಲ.) ಮೊದಲ ವಾರ ಗೇಟಿನಾಚೆಗೆ ಹತ್ತು ಹೆಜ್ಜೆ ತಾನಾಗಿಯೇ ನಡೆದರೂ ಸಾಕು.