ಆಧುನಿಕ ಕಲೆಯಲ್ಲಿ ಸ್ತ್ರೀಯ ಆದರ್ಶ: ಕಲಾವಿದೆಯರ ಮರುನೋಟ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ಕಂಡುಬಂದವರು ಅಲ್ಲಿನ ನೂರಾರು ಚಿತ್ರಗಳಲ್ಲಿ ಮೊದಲು ನೆನೆಯುವುದು ದೀಪ ಹಿಡಿದ ಹೆಣ್ಣಿನ ಚಿತ್ರವನ್ನು. ಕತ್ತಲೆಗೋಣೆಯಲ್ಲಿ ತೂಗುಹಾಕಿರುವ ಆ ಜಲವರ್ಣಚಿತ್ರದಲ್ಲಿ ಸೀರೆಯುಟ್ಟ ತರುಣಿಯೊಬ್ಬಳು ಎಡರುಗಾಳಿಗೆ ಸೊಡರು ಆರದಂತೆ ಅಂಗೈಯನ್ನು ಅಡ್ಡವಿರಿಸಿದ್ದಾಳೆ. ಬೆರಳುಗಳ ಸಂದಿನಿಂದ ಸೋಸಿಬಂದ ಹೊಂಬೆಳಕು ಮುಖವನ್ನು ಬೆಳಗುತ್ತದೆ. ಇದನ್ನು ರಾಜಾ ರವಿವರ್ಮನ ಕೃತಿಯೆಂದು ನಂಬಿದವರು ಅನೇಕರು. ನಿಜವಾಗಿ ಇದನ್ನು ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು, ಮುಂಬಯಿಯಲ್ಲೇ ಹೆಸರಾದ ಎಸ್. ಎಲ್. ಹಳದಣಕರ್ (1882–1968) ಅವರು. ಬರೆದುದು 1945–46ರ ಸುಮಾರಿಗೆ. ಮಾದರಿಯಾಗಿ ನಿಂತವಳು ಅವರ ಮಗಳು. ಚಿತ್ರದ ಕೌಶಲವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದು ಅಷ್ಟೊಂದು ಜನಪ್ರಿಯವಾದುದು ಕೌಶಲವೊಂದರಿಂದಲೇ ಅಲ್ಲ. ಮನೆಯ ಬೆಳಕನ್ನು ಕಾಯುವವಳು, ತಾನು ಮಾತನಾಡದವಳು, ನೋಡುವವನ ಕಣ್ಣನ್ನು ತಾನು ಎದುರಿಸದವಳು: ಇಂಥ ಹೆಣ್ಣೊಬ್ಬಳು ನಮ್ಮ ಮನಸ್ಸಿನಲ್ಲಿ ಮೊದಲೇ ನೆಲಸಿದ್ದಳು, ಚಿತ್ರಕಾರನು ಅವಳಿಗೆ ಒಂದು ರೂಪವನ್ನು ಕೊಟ್ಟನು.

ಈ ಆದರ್ಶದ ಬೇರು ಆಳವಾದುದು. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮನು 'ಹದಿಬದೆಯ ಧರ್ಮ'ವೆಂಬ ಸಾಂಗತ್ಯಕಾವ್ಯವನ್ನು ಬರೆದಳಷ್ಟೆ. ಪತಿವ್ರತೆಯ ನಡೆನುಡಿಗಳನ್ನು ವಿಧಿಸಲು ಹೊರಟ ಆ ಕಾವ್ಯದಲ್ಲಿಯೇ, ಹೆಣ್ಣನ್ನು ಹೀನವಾಗಿ ಕಾಣುವವರನ್ನು ಕವಯಿತ್ರಿ ತಡೆದು ಕೇಳುತ್ತಾಳೆ. ಆದರ್ಶವನ್ನು ಒಪ್ಪಿಕೊಂಡೇ ಅದರೊಳಗಿನಿಂದ ಎತ್ತಿದ ಈ ಪ್ರಶ್ನೆಯು ನಮ್ಮ ಸಾಹಿತ್ಯದಲ್ಲಿ ಮೂರು ಶತಮಾನಗಳಿಂದ ಇದೆ. ಚಿತ್ರಕಲೆಯಲ್ಲಿ ಅಂತಹ ಪ್ರಶ್ನೆ ಬಹಳ ತಡವಾಗಿ ಹುಟ್ಟಿತು. ಕಾರಣ ಸ್ಪಷ್ಟ. ಬೇಲೂರಿನ ಮದನಿಕೆಯರನ್ನು ಕಡೆದ ಬಳ್ಳಿಗಾವೆಯ ದಾಸೋಜ, ಚಾವಣರು ತಮ್ಮ ಹೆಸರನ್ನು ಕಲ್ಲಿನಲ್ಲಿ ಬಿಟ್ಟುಹೋಗಿದ್ದಾರೆ; ಕನ್ನಡಿ ಹಿಡಿದು ನಿಂತ ಸುಂದರಿಗೆ ಮಾತ್ರ ಹೆಸರಿಲ್ಲ. ರೂಪಿಸುವವನು ಗಂಡು, ರೂಪಗೊಳ್ಳುವವಳು ಹೆಣ್ಣು ಎಂಬ ಈ ಏರ್ಪಾಡು ಎಷ್ಟು ಸಹಜವಾಗಿ ತೋರುತ್ತಿತ್ತೆಂದರೆ, ಅದು ಒಂದು ಏರ್ಪಾಡು ಎಂಬುದೇ ಮರೆತುಹೋಗಿತ್ತು.

ಹಳೆಯ ಆದರ್ಶವನ್ನು ಮನೆಮನೆಯ ಗೋಡೆಗೆ ಏರಿಸಿದ ಕೀರ್ತಿ ರವಿವರ್ಮನಿಗೆ (1848–1906) ಸಲ್ಲತಕ್ಕದ್ದು. ಯುರೋಪಿನ ತೈಲವರ್ಣದ ವಿಧಾನದಿಂದ ಅವನು ದಮಯಂತಿ, ಶಕುಂತಲೆ, ಸೀತೆಯರಿಗೆ ಮಾಂಸಲವಾದ ಮೈಯನ್ನೂ ಜರತಾರಿಯ ಸೀರೆಯನ್ನೂ ಕೊಟ್ಟನು. ಜಗನ್ಮೋಹನ ಅರಮನೆಯಲ್ಲಿಯೇ ಇರುವ ಅವನ ಗಾಯಕಿಯರ ಗುಂಪಿನ ಚಿತ್ರದಲ್ಲಿ ಹನ್ನೊಂದು ಮಂದಿ ಸ್ತ್ರೀಯರಿದ್ದಾರೆ. ಒಬ್ಬೊಬ್ಬಳ ಉಡುಗೆಯೂ ಒಂದೊಂದು ಪ್ರಾಂತದ್ದು, ಒಂದೊಂದು ಸಮುದಾಯದ್ದು. ಭಾರತವನ್ನು ಹೆಣ್ಣುಗಳ ಉಡುಗೆತೊಡುಗೆಯಿಂದ ಗುರುತಿಸುವ ಪದ್ಧತಿಗೆ ಇದು ಮೇಲ್ಪಂಕ್ತಿ ಹಾಕಿತು. 1894ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಗಿ ಮುಂದೆ ಲೋಣಾವಳೆಯ ಬಳಿಯ ಮಳವಳಿಗೆ ಹೋದ ಅವನ ಮುದ್ರಣಾಲಯವು ಲಕ್ಷ್ಮೀ ಸರಸ್ವತಿಯರ ಬಣ್ಣದ ಅಚ್ಚುಗಳನ್ನು ದೇಶದಲ್ಲೆಲ್ಲ ಹರಡಿತು. ಸಾಮಾನ್ಯ ಸಂಸಾರಸ್ಥನು ಲಕ್ಷ್ಮಿಯನ್ನು ಧ್ಯಾನಿಸುವಾಗ ಕಣ್ಣಮುಂದೆ ಬರುವ ಮುಖವು ಬಹುಮಟ್ಟಿಗೆ ಆ ಯಂತ್ರದಿಂದ ಬಂದುದು. ಮುಂದೆ 1905ರಲ್ಲಿ ಅಬನೀಂದ್ರನಾಥ ಠಾಕೂರರು ರವಿವರ್ಮನ ಶೈಲಿಗೆ ವಿರುದ್ಧವಾದ ಶೈಲಿಯಲ್ಲಿ ಕಾವಿಯುಟ್ಟ, ನಾಲ್ಕು ಕೈಗಳ ಭಾರತಮಾತೆಯನ್ನು ಬರೆದರು. ಶೈಲಿ ಬದಲಾಯಿತು, ಹೆಣ್ಣಿಗೆ ಹೊರಿಸಿದ ಭಾರ ಬದಲಾಗಲಿಲ್ಲ, ಇನ್ನಷ್ಟು ಹೆಚ್ಚಿತು. ಹಿಂದೆ ಮನೆಯನ್ನು ಹೊತ್ತಿದ್ದವಳು ಈಗ ರಾಷ್ಟ್ರವನ್ನೇ ಹೊರಬೇಕಾಯಿತು.

ಅದೇ ಠಾಕೂರರ ಮನೆಯಲ್ಲಿ ಅಬನೀಂದ್ರನಾಥರ ತಂಗಿ ಸುನಯನೀದೇವಿ (1875–1962) ಮೂವತ್ತು ವರ್ಷ ದಾಟುವ ಹೊತ್ತಿಗೆ, ಯಾರಿಂದಲೂ ಪಾಠ ಹೇಳಿಸಿಕೊಳ್ಳದೆ, ಸಂಸಾರದ ಬಿಡುವಿನಲ್ಲಿ ಕುಂಚ ಹಿಡಿದರು. ಅವರ ರಾಧೆ ಯಶೋದೆಯರಲ್ಲಿ ಬಂಗಾಲದ ಜನಪದ ಚಿತ್ರಗಳ ಮುಗ್ಧತೆಯಿದೆ. ವಿದುಷಿ ಸ್ಟೆಲ್ಲಾ ಕ್ರಾಮ್ರಿಷ್ ಅವರನ್ನು ಮೆಚ್ಚಿ ಬರೆದರು. ಆದರೂ ಅಲ್ಲಿ ಆದರ್ಶದ ವಿಮರ್ಶೆಯನ್ನು ಹುಡುಕುವುದು ನಮ್ಮ ಇಂದಿನ ಆಸೆಯನ್ನು ಅವರ ಮೇಲೆ ಹೇರಿದಂತಾದೀತು.

ನಿಜವಾದ ತಿರುವು ಅಮೃತಾ ಶೇರ್‌ಗಿಲ್ ಅವರಿಂದ ಆಯಿತು. 1913ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಇವರ ತಂದೆ ಪಂಜಾಬಿನ ಸಿಖ್ ಮನೆತನದವರು, ತಾಯಿ ಹಂಗೇರಿಯವರು. ಹದಿನಾರು ವರ್ಷದ ಹುಡುಗಿಯಾಗಿ ಪ್ಯಾರಿಸಿಗೆ ಹೋಗಿ, 1934ರ ಕೊನೆಯಲ್ಲಿ ಭಾರತಕ್ಕೆ ಮರಳಿದರು. ಮರಳುವ ಮುನ್ನ ಬರೆದ ಆತ್ಮಚಿತ್ರವೊಂದು ಇಲ್ಲಿ ಗಮನಾರ್ಹ. ಫ್ರೆಂಚ್ ಚಿತ್ರಕಾರ ಗೊಗ್ಯಾಂ ಟಹಿಟಿ ದ್ವೀಪದ ಹೆಣ್ಣುಗಳನ್ನು ಬರೆದು ಪ್ರಸಿದ್ಧನಾಗಿದ್ದನು. ಅಮೃತಾ ತಮ್ಮನ್ನೇ ಆ ದ್ವೀಪದ ಹೆಣ್ಣಿನಂತೆ, ಸೊಂಟದವರೆಗೆ ವಸ್ತ್ರವಿಲ್ಲದೆ, ಕೈಗಳನ್ನು ಕಟ್ಟಿ ನಿಂತವಳಂತೆ ಬರೆದುಕೊಂಡರು. ಹಿಂದಿನ ಗೋಡೆಯ ಮೇಲೆ ಗಂಡಸೊಬ್ಬನ ನೆರಳು ಬಿದ್ದಿದೆ. ನೋಡುವವನು ಚಿತ್ರದ ಹೊರಗೆ ಅವಿತಿರುವುದು ವಾಡಿಕೆ. ಇಲ್ಲಿ ಅವನನ್ನು ಒಳಕ್ಕೆ ಎಳೆದು, ಬರಿಯ ನೆರಳಾಗಿಸಿ ನಿಲ್ಲಿಸಲಾಗಿದೆ. ಹೆಣ್ಣು ಅವನತ್ತ ತಿರುಗಿಯೂ ನೋಡುತ್ತಿಲ್ಲ. ಇಪ್ಪತ್ತೊಂದು ವರ್ಷದ ತರುಣಿಯ ಕೈಯಲ್ಲಿ ಇದು ಸಣ್ಣ ಸಾಧನೆಯಲ್ಲ.

1935ರಲ್ಲಿ ಬರೆದ, 1937ರಲ್ಲಿ ಮುಂಬಯಿಯ ಆರ್ಟ್ ಸೊಸೈಟಿಯ ಚಿನ್ನದ ಪದಕ ಪಡೆದ 'ಮೂವರು ಹುಡುಗಿಯರು' ಚಿತ್ರವನ್ನು ರವಿವರ್ಮನ ಗಾಯಕಿಯರ ಪಕ್ಕದಲ್ಲಿಟ್ಟು ನೋಡಬೇಕು. ಇಲ್ಲಿ ಆಭರಣದ ಬೆಡಗಿಲ್ಲ, ಪ್ರಾಂತದ ಗುರುತಿಲ್ಲ, ಕೈಯಲ್ಲಿ ವೀಣೆಯಿಲ್ಲ. ಸಾದಾ ಹಿನ್ನೆಲೆಯ ಮುಂದೆ ಮೂವರು ಕುಳಿತಿದ್ದಾರೆ. ಒಬ್ಬರೂ ನಮ್ಮನ್ನು ನೋಡುವುದಿಲ್ಲ, ಪರಸ್ಪರ ನೋಡಿಕೊಳ್ಳುವುದೂ ಇಲ್ಲ. ತಗ್ಗಿದ ಕಣ್ಣು ಹಳೆಯ ಆದರ್ಶದಲ್ಲಿ ಲಜ್ಜೆಯ ಚಿಹ್ನೆ; ಇಲ್ಲಿ ಅದೇ ತಗ್ಗಿದ ಕಣ್ಣು ಕಾಯುವಿಕೆಯ ದಣಿವಾಗಿದೆ. ಅವರು ಏನನ್ನು ಕಾಯುತ್ತಿದ್ದಾರೆಂಬುದನ್ನು ಚಿತ್ರ ಹೇಳುವುದಿಲ್ಲ. ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿರುವ ಮನೆಯವರಿಗೆ ಹೇಳಬೇಕಾಗಿಯೂ ಇಲ್ಲ. ಅಜಂತೆಯನ್ನೂ ಮಟ್ಟಾಂಚೇರಿಯ ಭಿತ್ತಿಚಿತ್ರಗಳನ್ನೂ ಕಂಡುಬಂದ ಬಳಿಕ 1937ರಲ್ಲಿ ಬರೆದ 'ವಧುವಿನ ಸಿಂಗಾರ'ದಲ್ಲಿ ಮದುಮಗಳ ಅಂಗೈಗೆ ಮದರಂಗಿಯ ಕೆಂಪೇರಿದೆ, ಮುಖಕ್ಕೆ ಯಾವ ರಂಗೂ ಏರಿಲ್ಲ. 1940ರ ಮತ್ತೊಂದು ಚಿತ್ರದಲ್ಲಿ ಕೆಂಪುಡುಗೆಯ ಹೆಣ್ಣೊಬ್ಬಳು ಹಗ್ಗದ ಮಂಚದ ಮೇಲೆ ಒರಗಿದ್ದಾಳೆ. ಬಳಿಯಲ್ಲಿ ಕುಳಿತವಳು ಬೀಸಣಿಗೆ ಬೀಸುತ್ತಿದ್ದಾಳೆ. ಸುಖಾಸೀನೆಯಾದ ನಾಯಿಕೆಯ ಭಂಗಿಯೇನೋ ಹಳೆಯದು. ಒಳಗಿರುವ ಬೇಗೆ ಹೊಸದು. 1941ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅಮೃತಾ ತೀರಿಕೊಂಡರು.

ಆದರೆ ಒಂದು ಮಾತನ್ನು ಮುಚ್ಚಿಡಲಾಗದು. ಅಮೃತಾ ಅವರ ಹಳ್ಳಿಯ ಹೆಣ್ಣುಗಳು ಮೂಕರು. ಸಿಮ್ಲೆಯ ಅನುಕೂಲಸ್ಥ ಮನೆಯಿಂದ ನೋಡಿದ ಅನುಕಂಪದಲ್ಲಿ ಒಂದು ದೂರವಿದೆ; ದುಃಖವೇ ಹೆಣ್ಣಿನ ಸಹಜ ಸ್ಥಿತಿಯೆಂಬ ಮತ್ತೊಂದು ಆದರ್ಶ ಅಲ್ಲಿ ಅರಿವಿಲ್ಲದೆ ಮೂಡುತ್ತದೆಯೋ ಎಂಬ ಶಂಕೆ ನಮಗಿದೆ.

ಈ ಮೌನವನ್ನು ಮುರಿದವರು 1980ರ ದಶಕದ ಕಲಾವಿದೆಯರು. ನೀಲಿಮಾ ಶೇಖ್ ಅವರು 1984ರಲ್ಲಿ 'ಚಂಪಾ ದೊಡ್ಡವಳಾದಾಗ' ಎಂಬ ಅರ್ಥದ ಹೆಸರಿನಲ್ಲಿ ಹನ್ನೆರಡು ಸಣ್ಣ ಚಿತ್ರಗಳ ಮಾಲೆಯನ್ನು ರಚಿಸಿದರು. ಕಥೆಯೊಂದರ ಪುಟಗಳನ್ನು ತಿರುವಿದಂತೆ ನೋಡಬೇಕಾದ ಚಿತ್ರಗಳಿವು: ಆಡುವ ಹುಡುಗಿ, ಮದುವೆ, ಅತ್ತೆಮನೆ, ಕೊನೆಗೆ ವರದಕ್ಷಿಣೆಗಾಗಿ ಕೊಲೆ. ಹಳೆಯ ಕಿರುಚಿತ್ರ ಪರಂಪರೆಯ ಲಾಲಿತ್ಯವನ್ನು ಬಿಡದೆಯೇ ಅಷ್ಟು ಘೋರವಾದುದನ್ನು ಹೇಳಿದುದು ಅವರ ಹಿರಿಮೆ. ಅರ್ಪಿತಾ ಸಿಂಗ್ 1990ರಲ್ಲಿ ಬಿಳಿಸೀರೆಯುಟ್ಟ, ಹಲವು ಕೈಗಳ ದೇವಿಯೊಬ್ಬಳನ್ನು ಬರೆದರು. ಅವಳ ಕಾಲಡಿ ಮಲಗಿದವನು ಮಹಿಷನಲ್ಲ, ಒಬ್ಬ ಸಾಮಾನ್ಯ ಗಂಡಸು. ಅವಳ ಕೈಯಲ್ಲಿರುವುದು ತ್ರಿಶೂಲವಲ್ಲ, ಪಿಸ್ತೂಲು. ಚಿತ್ರಕ್ಕೆ 'ಪಿಸ್ತೂಲಿನ ದೇವಿ' ಎಂದೇ ಹೆಸರು. ನಗು ಬರುತ್ತದೆ, ನಕ್ಕಮೇಲೆ ಹೆದರಿಕೆಯೂ ಆಗುತ್ತದೆ. ಇವರಿಬ್ಬರೂ ನಳಿನಿ ಮಲಾನಿ, ಮಾಧವಿ ಪಾರೇಖರೊಡನೆ ಸೇರಿ 1987ರಿಂದ 1989ರವರೆಗೆ ನಡೆಸಿದ ಪ್ರದರ್ಶನವು ಭೋಪಾಲ ಮೊದಲಾದ ನಗರಗಳನ್ನು ಸುತ್ತಿತು. ನಳಿನಿ ಅವರು ಹುಟ್ಟಿದುದು 1946ರಲ್ಲಿ ಕರಾಚಿಯಲ್ಲಿ, ಕಲಿತುದು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ. 2005ರಲ್ಲಿ ಅವರು ಐದು ತೆರೆಗಳ ಮೇಲೆ ಏಕಕಾಲಕ್ಕೆ ಮೂಡುವ ಚಲಚ್ಚಿತ್ರವೊಂದನ್ನು ರಚಿಸಿ ಅದಕ್ಕೆ ಭಾರತಮಾತೆಯ ಹೆಸರನ್ನೇ ಇಟ್ಟರು. ದೇಶವಿಭಜನೆಯ ಕಾಲದಲ್ಲಿ ಅಪಹೃತರಾದ ಸ್ತ್ರೀಯರ ಸಂಖ್ಯೆ 75,000ದಷ್ಟೆಂದು ಅಂದಾಜು. ದೇಶವನ್ನು ತಾಯಿಯೆಂದು ಕರೆದ ಜನ, ಅದೇ ಹೆಸರಿನಲ್ಲಿ ತಾಯಂದಿರ ಮೇಲೆ ಕೈಮಾಡಿದರೆಂಬ ವಿಪರ್ಯಾಸವೇ ಆ ಕೃತಿಯ ವಸ್ತು.

ಇಷ್ಟರಲ್ಲಿ ಕನ್ನಡನಾಡಿಗೆ ಸಂಬಂಧಿಸಿದ ಹೆಸರೊಂದನ್ನು ವಿಸ್ತಾರವಾಗಿ ಹೇಳಬೇಕಾಗಿದೆ. ಬೆಂಗಳೂರಿನಲ್ಲಿ 1956ರಲ್ಲಿ ಹುಟ್ಟಿದ ಎನ್. ಪುಷ್ಪಮಾಲಾ ಬಡೋದೆಯಲ್ಲಿ ಶಿಲ್ಪವನ್ನು ಕಲಿತವರು. 1990ರ ದಶಕದ ನಡುವೆ ಮಣ್ಣನ್ನು ಬಿಟ್ಟು ತಮ್ಮ ಮೈಯನ್ನೇ ಶಿಲ್ಪದ ದ್ರವ್ಯವಾಗಿಸಿಕೊಂಡರು: ತಾವೇ ವೇಷ ತೊಟ್ಟು ಛಾಯಾಚಿತ್ರ ತೆಗೆಯಿಸಿಕೊಳ್ಳತೊಡಗಿದರು. ಮೊದಲ ಮಾಲೆಗೆ (1996–98) ರಂಗಸ್ಥಳವಾದುದು ಮುಂಬಯಿ. 'ಹಂಟರ್‌ವಾಲಿ'ಯ (1935) ನಾದಿಯಾಳನ್ನು ನೆನಪಿಸುವ ಮುಸುಕಿನ ನಾಯಿಕೆ ಅದರಲ್ಲಿದ್ದಾಳೆ. ಅದಕ್ಕಿಂತ ಮಹತ್ವದ್ದು, ಬೆಂಗಳೂರಿನಲ್ಲಿ ನೆಲಸಿದ ಬ್ರಿಟಿಷ್ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ರಚಿಸಿದ ಮಾಲೆ. 'ದಕ್ಷಿಣ ಭಾರತದ ದೇಶೀ ಸ್ತ್ರೀಯರು: ಅವರ ನಡೆವಳಿ, ಆಚಾರಗಳು' ಎಂದು ಅದರ ಹೆಸರನ್ನು ಕನ್ನಡಿಸಬಹುದು, ಬ್ರಿಟಿಷ್ ಅಧಿಕಾರಿಗಳು ಬರೆದ ಜನಾಂಗವರ್ಣನೆಯ ಗ್ರಂಥಗಳ ಅಣಕ ಆ ಹೆಸರಿನಲ್ಲಿಯೇ ಇದೆ.

ಹತ್ತು ಮೂಲಚಿತ್ರಗಳನ್ನು ಆರಿಸಿಕೊಂಡು ಪ್ರತಿಯೊಂದರ ಹೆಣ್ಣಿನ ಸ್ಥಾನದಲ್ಲಿ ಕಲಾವಿದೆ ತಾವು ನಿಂತರು. ರವಿವರ್ಮನ ಲಕ್ಷ್ಮಿ ಇದ್ದಾಳೆ, ಬೆಳುದಿಂಗಳ ಹೆಣ್ಣಿದ್ದಾಳೆ, ಕೊಳದಿಂದ ನೀರು ಹೊತ್ತು ಮರಳುವವಳಿದ್ದಾಳೆ, ಬಿಜಾಪುರದ ಆದಿಲ್‌ಶಾಹೀ ಕಾಲದ ಚಿತ್ರದ ಯೋಗಿನಿಯಿದ್ದಾಳೆ, ವೇಳಾಂಗಣ್ಣಿಯ ಮಾತೆಯಿದ್ದಾಳೆ, ಪತ್ರಿಕೆಯಲ್ಲಿ ಅಚ್ಚಾದ ಅಪರಾಧಿನಿಯರಿದ್ದಾರೆ, ಕನ್ನಡ ಚಲನಚಿತ್ರದ ದೃಶ್ಯವೊಂದರ ನಾಯಿಕೆಯೂ ಇದ್ದಾಳೆ. ಇವರೆಲ್ಲರ ನಡುವೆ ನೀಲಗಿರಿಯ ತೋಡರ ಹೆಣ್ಣೊಬ್ಬಳು ಚೌಕಳಿಯ ಹಿನ್ನೆಲೆಯ ಮುಂದೆ ನಿಂತಿದ್ದಾಳೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜನಾಂಗಗಳ ದೇಹವನ್ನು ಅಳೆಯಲು ಹೊರಟವರು ಉಪಯೋಗಿಸುತ್ತಿದ್ದ ಅಳತೆಯ ಚೌಕಳಿ ಅದು.

ಲಕ್ಷ್ಮಿಯನ್ನೂ ತೋಡತಿಯನ್ನೂ ಒಂದೇ ಸಾಲಿನಲ್ಲಿ, ಒಂದೇ ಮುಖದಲ್ಲಿ ಕಂಡಾಗ ವಿಷಯವು ಹೊಳೆಯುತ್ತದೆ. ಒಬ್ಬಳನ್ನು ಪೂಜಿಸಿದರು, ಒಬ್ಬಳನ್ನು ಅಳೆದರು, ಇನ್ನೊಬ್ಬಳನ್ನು ಠಾಣೆಯಲ್ಲಿ ನಿಲ್ಲಿಸಿದರು. ಮೂವರಿಗೂ ನಿಲ್ಲುವ ಭಂಗಿಯನ್ನು ಹೇಳಿಕೊಟ್ಟವರು ಬೇರೆಯವರು. ಆದರ್ಶವೆಂಬುದು ಕೆಲವರಿಗೆ ಮಾತ್ರ ತೊಡಿಸಿದ ಉಡುಗೆ. ಉಳಿದವರಿಗೆ ಉಳಿದುದು ಮಾದರಿಯ ಸಂಖ್ಯೆ. ರವಿವರ್ಮನ ಚಿತ್ರಗಳ ಚರ್ಚೆಯಲ್ಲಿ ಜಾತಿಯ ಪ್ರಶ್ನೆಯನ್ನು ನಯವಾಗಿ ದಾಟಿಹೋಗುವವರಿಗೆ ಈ ಸಾಲು ಒಳ್ಳೆಯ ಉತ್ತರ. ಈ ಮಾಲೆಯ ಮತ್ತೊಂದು ಭಾಗವೂ ಅಷ್ಟೇ ಮುಖ್ಯ: ವೇಷ ಕಟ್ಟುವ, ಪರದೆ ಹೊಂದಿಸುವ, ದೀಪ ಸರಿಪಡಿಸುವ ಕೆಲಸದ ಛಾಯಾಚಿತ್ರಗಳನ್ನೂ ಪ್ರದರ್ಶನದ ಅಂಗವಾಗಿಯೇ ಸೇರಿಸಿದ್ದಾರೆ. ಚೌಕಿಯನ್ನೇ ರಂಗದ ಮುಂದೆ ತಂದಿಟ್ಟಂತೆ ಇದು. ಯಕ್ಷಗಾನ ನೋಡಿ ಬೆಳೆದ ಕರಾವಳಿಯವರಿಗೆ ಸ್ತ್ರೀವೇಷವು ಕಟ್ಟಿದ್ದೆಂಬ ಅರಿವು ಹೊಸತೇನೂ ಅಲ್ಲ. ಆದರೆ ಹೆಣ್ಣೇ ಸ್ತ್ರೀವೇಷವನ್ನು ಕಟ್ಟಿಕೊಂಡಾಗ ಅದು ವೇಷವೆಂದು ಕಾಣುವುದಕ್ಕೆ ಇಷ್ಟು ಶ್ರಮ ಬೇಕಾಯಿತು.

ಇದಕ್ಕೊಂದು ಆಕ್ಷೇಪವುಂಟು. ಹಳೆಯ ಚಿತ್ರವನ್ನು ಮತ್ತೆ ಕಟ್ಟಿದರೆ ಅದರ ಮೋಹವೂ ಮತ್ತೆ ಹುಟ್ಟುವುದಿಲ್ಲವೇ? ಸೀರೆಯ ನಿರಿಗೆ, ಬೆಳುದಿಂಗಳು, ತಾವರೆ ಇವೆಲ್ಲ ಛಾಯಾಚಿತ್ರದಲ್ಲಿಯೂ ಚೆಲುವಾಗಿಯೇ ಇವೆ. ತೋಡತಿಯ ಪಾಡನ್ನು ನಗರದ ಕಲಾವಿದೆ ತೊಟ್ಟುಕೊಳ್ಳುವುದು ಎಷ್ಟರಮಟ್ಟಿಗೆ ಉಚಿತವೆಂಬುದೂ ಕೇಳಬೇಕಾದ ಮಾತೇ. ಆಕ್ಷೇಪದ ಮೊದಲ ಭಾಗವನ್ನು ನಾವು ಒಪ್ಪಲಾರೆವು. ಮೋಹವಿಲ್ಲದವರು ಇಷ್ಟು ಶ್ರದ್ಧೆಯಿಂದ ಅಣಕಿಸಲಾರರು, ಹೊನ್ನಮ್ಮನಂತೆ ಇವರೂ ಒಳಗಿನಿಂದಲೇ ಕೇಳುತ್ತಿದ್ದಾರೆ. ಎರಡನೆಯ ಭಾಗಕ್ಕೆ ಉತ್ತರ ಹೇಳಬೇಕಾದವರು ತೋಡರ ಹೆಣ್ಣುಮಕ್ಕಳು.

ಈ ನಗರದಲ್ಲಿರುವ ನಮಗೆ ಇಲ್ಲಿ ಮಾಡತಕ್ಕ ಕೆಲಸವೊಂದಿದೆ. ಉಡುಪಿಯ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮೇಲೆ, ಚಾಳುಗಳಲ್ಲಿದ್ದ ಹಳೆಯ ಕನ್ನಡ ಕುಟುಂಬಗಳ ದೇವರ ಗೂಡುಗಳಲ್ಲಿ ರವಿವರ್ಮ ಮುದ್ರಣಾಲಯದ ಅಚ್ಚುಗಳು, ಅವುಗಳ ನಕಲುಗಳು, ಅಂಗಡಿಗಳು ಹಂಚಿದ ಕ್ಯಾಲೆಂಡರುಗಳು ಇನ್ನೂ ಕೆಲವು ಉಳಿದಿವೆ. ಕಟ್ಟಡಗಳು ಹೊಸದಾಗುವಾಗ ಅವು ಕಸದ ಪಾಲಾಗುತ್ತಿವೆ. ಅವುಗಳ ಅಂಚಿನಲ್ಲಿ ಅಚ್ಚಾದ ಊರು, ಅಂಗಡಿ, ವರ್ಷಗಳನ್ನು ಬರೆದಿಟ್ಟುಕೊಳ್ಳುವುದರ ಜೊತೆಗೆ, ಆ ಚಿತ್ರಗಳ ಕೆಳಗೆ ದಿನವೂ ದೀಪ ಹಚ್ಚಿದ ಅಜ್ಜಿಯರನ್ನು, ಅವರಿನ್ನೂ ನಮ್ಮೊಡನಿರುವಾಗಲೇ, ಆ ಮುಖಗಳಲ್ಲಿ ಅವರು ಏನನ್ನು ಕಂಡರೆಂದು ಕೇಳಿ ಬರೆದುಕೊಳ್ಳಬೇಕು.